ಎಂಟು ಗಂಟೆ ಡ್ಯೂಟಿ ಎಲ್ಲಿ ಹೋಯಿತು, ಸಾಹೇಬರೇ?

ಗೆ,
ಮಾನ್ಯ ಪೊಲೀಸ್ ಆಯುಕ್ತರು,
ಬೃಹನ್ಮುಂಬೈ.

ಮಾನ್ಯರೇ,

ಠಾಣೆಯ ಪೊಲೀಸರಿಗೆ 2016ರಲ್ಲಿ ಬಂದು ಆಮೇಲೆ ಸವೆದುಹೋದ ಎಂಟು ಗಂಟೆ ಡ್ಯೂಟಿಯ ಬಗ್ಗೆ ಮರಾಠಿಯಲ್ಲಿ ಒಂದು ಅರ್ಜಿ ಬರೆದು, ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ನಿಮ್ಮ ಕಚೇರಿಯಲ್ಲಿ ಕೊಟ್ಟು, ಸಿಕ್ಕಾ (ಮುದ್ರೆ) ಹಾಕಿಸಿಕೊಂಡು ಬಂದಿದ್ದೇನೆ. ಅದು ಎರಡೇ ಪುಟ. ಮೂವತ್ತೇಳು ವರ್ಷ ಪಂಚನಾಮೆ ಬರೆದ ಕೈ ನನ್ನದು. ಮರಾಠಿಯಲ್ಲಿ ಕೂತರೆ ವೇಳೆ, ಸ್ಥಳ, ಹಾಜರಿದ್ದವರು ಅಂತಲೇ ಬರುತ್ತದೆ, ಅದರಾಚೆ ಹೋಗುವುದಿಲ್ಲ. ಉಳಿದದ್ದನ್ನು ಮನೆ ಮಾತಿನಲ್ಲಿ ಬರೆಯುತ್ತಿದ್ದೇನೆ. ನೀವು ಇದನ್ನು ಓದಿಸಿ ಕೇಳಿದರೆ ಸಂತೋಷ. ಮುಂಬೈಯ ಕನ್ನಡದ ಜನ ಓದಿದರೂ ಆಯಿತು. ಅವರಿಗೂ ಇದರಲ್ಲಿ ಸೇರಬೇಕಾದದ್ದು ಇದೆ.

ನಮ್ಮದು ಅಕ್ಕಲಕೋಟೆ ತಾಲೂಕು. ಮಹಾರಾಷ್ಟ್ರದಲ್ಲೇ ಇದ್ದರೂ ಮನೆಯಲ್ಲಿ, ಹೊಲದಲ್ಲಿ, ಜಗಳದಲ್ಲಿ ಎಲ್ಲ ಕನ್ನಡವೇ. ನಿಮ್ಮ ಪಡೆಯಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹುಡುಗರು ಎಷ್ಟೋ ಜನ ಇದ್ದಾರೆ. ಹಜೇರಿಗೆ ನಿಂತಾಗ ಮರಾಠಿ, ಊಟದ ಡಬ್ಬಿ ಬಿಚ್ಚಿದಾಗ ಕನ್ನಡ. ನಾನು 1984ರಲ್ಲಿ ಶಿಪಾಯಿಯಾಗಿ ಭರ್ತಿಯಾದೆ. ಆಗ ನಿಮ್ಮ ಕುರ್ಚಿಯಲ್ಲಿ ಜೂಲಿಯೊ ರಿಬೇರೊ ಸಾಹೇಬರಿದ್ದರು. 2021ರಲ್ಲಿ ಎ.ಎಸ್.ಐ. ಆಗಿ ನಿವೃತ್ತನಾದೆ. ಯಾವ ಪದಕವೂ ಇಲ್ಲ, ಯಾವ ವಿಚಾರಣೆಯೂ ಇಲ್ಲ.

ಕೆಲಸದಲ್ಲಿರುವವರು ಬರೆಯಬೇಕಾದ ಪತ್ರ ಇದು. ಅವರು ಬರೆಯುವ ಹಾಗಿಲ್ಲ. 1966ರ ಕಾಯ್ದೆಯ ಪ್ರಕಾರ ಪೊಲೀಸಿನವನು ಅನುಮತಿ ಇಲ್ಲದೆ ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ. ನಾನು ಸೇರುವುದಕ್ಕೆ ಎರಡು ವರ್ಷ ಮೊದಲು ಏನಾಯಿತು ಅಂತ ನಿಮಗೆ ಗೊತ್ತೇ ಇದೆ. 1982ರ ಜನವರಿಯಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಆಗಸ್ಟ್ 18ರಂದು ಪೊಲೀಸರೇ ಬೀದಿಗಿಳಿದರು. ಊರು ಹೊತ್ತಿ ಉರಿಯಿತು, ಸೈನ್ಯ ಕರೆಸಬೇಕಾಯಿತು. ಅಲ್ಲಿಗೆ ಪೊಲೀಸರ ಸಂಘದ ಕಥೆ ಮುಗಿಯಿತು. ನಾಯಗಾಂವ್ ಪೊಲೀಸ್ ವಸತಿ ಲೈನಿನಲ್ಲಿ ಹಳೆಯ ಹವಾಲ್ದಾರರು ನಮಗೆ ಹೇಳುತ್ತಿದ್ದ ಬುದ್ಧಿಮಾತು ಒಂದೇ: ‘ಬಾಯಿ ಮುಚ್ಕೊಂಡಿರು, ಪೆನ್ಷನ್ ಉಳಿಯುತ್ತೆ.’ ಮುಚ್ಚಿಕೊಂಡಿದ್ದೆ. ಪೆನ್ಷನ್ ಬರುತ್ತಿದೆ. ಅದಕ್ಕೇ ಈಗ ತೆರೆದಿದ್ದೇನೆ.

ವಿಷಯ ಎಂಟು ಗಂಟೆ ಡ್ಯೂಟಿಯದು.

ನನ್ನ ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದರು. ಮೂರು ಪಾಳಿ. ಭೋಂಗಾ (ಗಿರಣಿಯ ಸೈರನ್) ಕೂಗಿತು ಅಂದರೆ ಮುಗೀತು, ಮಾಲಕ ಬಂದು ನಿಂತರೂ ಅಪ್ಪ ಮಗ್ಗ ಮುಟ್ಟುತ್ತಿರಲಿಲ್ಲ. ಮಗ ಸರ್ಕಾರಿ ನೌಕರಿ ಹಿಡಿದ, ಖಾಕಿ ಹಾಕಿದ ಅಂತ ಊರಲ್ಲಿ ಪೇಢೆ ಹಂಚಿದರು. ಆ ಮಗನಿಗೆ ಭೋಂಗಾನೇ ಇರಲಿಲ್ಲ. ಹಜೇರಿ ಪುಸ್ತಕದಲ್ಲಿ ಬರುವ ವೇಳೆ ಗಟ್ಟಿ, ಹೋಗುವ ವೇಳೆ ದೇವರ ಇಚ್ಛೆ. ಕಾಗದದ ಮೇಲೆ 12 ಗಂಟೆ. ಮೇಲೆ ಲೋಕಲಿನಲ್ಲಿ ಹೋಗಿ ಬರುವ ಮೂರು ಗಂಟೆ. ಬಂದೋಬಸ್ತ್ ಬಂತೆಂದರೆ ಲೆಕ್ಕವೇ ಇಲ್ಲ. ಗಣಪತಿ ವಿಸರ್ಜನೆಯ ದಿನ ಲಾಲ್‌ಬಾಗ್‌ನಲ್ಲಿ ನಿಂತವನು ಮರುದಿನ ಮಧ್ಯಾಹ್ನ ಬೂಟು ಬಿಚ್ಚಿದ್ದಿದೆ. ಬೂಟು ಬಿಚ್ಚುವುದು ಅಂದೆ, ಬಿಚ್ಚಲು ಬರುತ್ತಿರಲಿಲ್ಲ. ಕಾಲು ಊದಿ ಬೂಟಿಗೆ ಕಚ್ಚಿಕೊಂಡಿರುತ್ತಿತ್ತು. ಹೆಂಡತಿ ಒಂದು ಕಡೆ, ಮಗಳು ಒಂದು ಕಡೆ ಕೂತು ಎಳೆಯಬೇಕು.

ಇದು ನಮ್ಮೊಬ್ಬರ ಗೋಳಲ್ಲ. 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ದೇಶದ ಠಾಣೆಗಳ ಅಧ್ಯಯನ ಮಾಡಿಸಿತ್ತು. ಠಾಣೆ ಸಿಬ್ಬಂದಿಯಲ್ಲಿ ಶೇಕಡಾ 90ರಷ್ಟು ಜನ ದಿನಕ್ಕೆ 8 ಗಂಟೆಗಿಂತ ಜಾಸ್ತಿ ದುಡಿಯುತ್ತಾರೆ ಅಂತ ಅದರಲ್ಲಿ ಬಂತು. ನಮ್ಮನ್ನು ಕೇಳಿದ್ದರೆ ಸುಮ್ನೆ ಹೇಳುತ್ತಿದ್ದೆವು, ಖರ್ಚು ಉಳಿಯುತ್ತಿತ್ತು.

ಈಗ ಒಬ್ಬ ಸಾಹೇಬರ ಮಾತು. ದತ್ತಾತ್ರಯ ಪಡಸಲಗೀಕರ್ ಸಾಹೇಬರು 2016ರ ಜನವರಿ ಕೊನೆಗೆ ಆಯುಕ್ತರಾಗಿ ಬಂದರು. ಐಪಿಎಸ್‌ನ 1982ರ ಬ್ಯಾಚ್. ಶಿಪಾಯಿಗಳು ಬೀದಿಗಿಳಿದ ಅದೇ ವರ್ಷದವರು ನೋಡಿ. ಬಹಳ ವರ್ಷ ಇಂಟೆಲಿಜೆನ್ಸ್ ಬ್ಯೂರೊದಲ್ಲಿದ್ದು ಬಂದವರು, ಹಾಗಾಗಿ ನಮಗೆ ಅವರ ಮುಖದ ಪರಿಚಯ ಕಡಿಮೆ. ಟಿವಿಯವರ ಮುಂದೆ ಜಾಸ್ತಿ ಮಾತಾಡದ ಮನುಷ್ಯ. ಇವರೂ ಬಂದರು, ಇವರೂ ಹೋಗುತ್ತಾರೆ ಅಂದುಕೊಂಡೆವು.

ಅದೇ ವರ್ಷ ದೇವನಾರ್ ಠಾಣೆಯ ಒಬ್ಬ ಶಿಪಾಯಿ ಒಂದು ವೇಳಾಪಟ್ಟಿ ಮಾಡಿದ. ಇದ್ದ ಜನರನ್ನು ಮೂರು ಪಾಳಿಗೆ ಹೇಗೆ ಹಂಚಬಹುದು ಅಂತ ಲೆಕ್ಕ ಹಾಕಿದ. ಅದನ್ನು ಹಿಡಿದುಕೊಂಡು ಆಯುಕ್ತರ ತನಕ ಹೋದ. ಸಾಹೇಬರೇ, ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಮ್ಮ ಕಾಲದಲ್ಲಿ ಶಿಪಾಯಿ ಆಯುಕ್ತರ ಕೋಣೆಗೆ ಹೋಗುತ್ತಿದ್ದದ್ದು ಎರಡೇ ಕಾರಣಕ್ಕೆ. ಒಂದು ಬಹುಮಾನ, ಇನ್ನೊಂದು ಶಿಕ್ಷೆ. ಸಲಹೆ ಕೊಡಲು ಹೋದವನನ್ನು ನಾನು ಕಂಡಿರಲಿಲ್ಲ. ಪಡಸಲಗೀಕರ್ ಸಾಹೇಬರು ಕೂರಿಸಿ ಕೇಳಿದರು. ‘ನಿನ್ನ ಠಾಣೆಯಲ್ಲೇ ಮಾಡಿ ನೋಡೋಣ’ ಎಂಬ ರೀತಿಯಲ್ಲಿ 2016ರ ಮೇ ತಿಂಗಳಲ್ಲಿ ದೇವನಾರ್‌ನಲ್ಲಿ ಪ್ರಯೋಗ ಶುರುವಾಯಿತು. ಹೊಸ ಭರ್ತಿ ಆಗಲಿ ಅಂತ ಕಾಯಲಿಲ್ಲ. ಅಲ್ಲಿ ನಡೆಯಿತು ಅಂತ ಕಂಡ ಮೇಲೆ ಬೇರೆ ಠಾಣೆಗಳಿಗೂ ಹಬ್ಬಿಸಿದರು. 2018ರ ಹೊತ್ತಿಗೆ ಬಹುತೇಕ ಊರಿಗೆಲ್ಲ ಬಂದಿತ್ತು. ಅವರ ವೃತ್ತಿಯಲ್ಲಿ ದೊಡ್ಡ ದೊಡ್ಡ ಕೇಸುಗಳಿವೆ. ಆಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾದರು, ದೆಹಲಿಯಲ್ಲಿ ಉಪ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. 2023ರಲ್ಲಿ ಮಣಿಪುರದ ಗಲಭೆಯ ತನಿಖೆಗಳ ಮೇಲೆ ಕಣ್ಣಿಡಲು ಸುಪ್ರೀಂ ಕೋರ್ಟ್ ಅವರನ್ನೇ ಕರೆಯಿತು. ಅದೆಲ್ಲ ದೊಡ್ಡವರ ಲೆಕ್ಕ. ಪೊಲೀಸ್ ಲೈನಿನಲ್ಲಿ ಅವರ ಹೆಸರು ನೆನಪಿರುವುದು ಆ ವೇಳಾಪಟ್ಟಿಗೆ.

ನಮ್ಮ ಠಾಣೆಗೆ ಅದು ಬಂದ ಮೊದಲ ದಿನ ನನಗೆ ಬೆಳಗಿನ ಪಾಳಿ. ಮುಗಿಸಿ ಮನೆ ಸೇರಿದಾಗ ಸಂಜೆ ಐದೂ ಆಗಿರಲಿಲ್ಲ. ಬಾಗಿಲು ತೆಗೆದ ಹೆಂಡತಿ ಒಳಗೆ ಬಿಡಲಿಲ್ಲ, ಅಲ್ಲೇ ನಿಂತು ಮುಖ ನೋಡಿದಳು. ಅಕ್ಕಪಕ್ಕದವರಿಗೆ ಕೇಳಿಸಬಾರದು ಅಂತ ದನಿ ಇಳಿಸಿ, ‘ಯಾಕ್ರೀ, ಏನಾತು? ಸಸ್ಪೆಂಡ್ ಮಾಡ್ಯಾರೇನು?’ ಅಂದಳು. ನಾನು ಹೇಳಿದ್ದನ್ನು ನಂಬಲಿಲ್ಲ. ಎದುರು ಮನೆಯ ಹವಾಲ್ದಾರನೂ ಅದೇ ಹೊತ್ತಿಗೆ ಬಂದ ಮೇಲೆ ನಂಬಿದಳು. ಪಶ್ಚಿಮದ ಕಿಟಕಿಯಿಂದ ನಮ್ಮ ಕೋಣೆಗೆ ಸಂಜೆ ಬಿಸಿಲು ಬರುತ್ತದೆ, ಗೋಡೆಯ ಮೇಲಿನ ಸಿದ್ಧೇಶ್ವರನ ಫೋಟೊದ ಗಾಜಿಗೆ ಬೀಳುತ್ತದೆ. ಆ ಮನೆಯಲ್ಲಿ ಹನ್ನೊಂದು ವರ್ಷ ಇದ್ದೆ. ಅದನ್ನು ನೋಡಿದ್ದು ಅವತ್ತೇ ಮೊದಲು.

ನಮ್ಮ ಮನೆಯ ಸುಖಕ್ಕಷ್ಟೇ ಈ ಪತ್ರ ಬರೆಯುತ್ತಿಲ್ಲ. ಎಂಟು ಗಂಟೆ ಬರುವ ಮೊದಲಿನ ಒಂದು ಸಂಗತಿ ಇದೆ. ಇದನ್ನು ನಾನು ಮರಾಠಿ ಅರ್ಜಿಯಲ್ಲಿ ಬರೆದಿಲ್ಲ.

ಗಣಪತಿ ಹಬ್ಬದ ದಿನಗಳು. ನಾನು ಪೂರ್ವ ಉಪನಗರದ ಒಂದು ಠಾಣೆಯಲ್ಲಿ ಠಾಣೆ ಅಮಲ್ದಾರ, ಅಂದರೆ ದೂರು ಬರೆದುಕೊಂಡು ಠಾಣೆ ಡೈರಿ ನೋಡುವವನು. ಹಿಂದಿನ ರಾತ್ರಿ ಬಂದೋಬಸ್ತ್, ಬೆಳಿಗ್ಗೆ ಎರಡು ಗಂಟೆ ನಿದ್ದೆ, ಮತ್ತೆ ಡ್ಯೂಟಿ. ರಾತ್ರಿ ಹತ್ತೂವರೆ ಸುಮಾರಿಗೆ ಒಬ್ಬ ಹೆಂಗಸು ಬಂದಳು. ಕಲಬುರಗಿ ಕಡೆಯವಳು, ಕಟ್ಟಡದ ಕೆಲಸದವಳು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಸೀರೆಯ ಸೆರಗಿಗೆ ಸಿಮೆಂಟು ಹತ್ತಿತ್ತು. ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲ ಅಂತ ಅರ್ಧಮರ್ಧ ಹಿಂದಿಯಲ್ಲಿ ಹೇಳುತ್ತಿದ್ದಳು. ನನ್ನ ಪಕ್ಕದಲ್ಲಿದ್ದ ಶಿಪಾಯಿ ಹುಡುಗನಿಗೆ ಅರ್ಥವಾಗಲಿಲ್ಲ. ಅವಳು ಸುತ್ತ ನೋಡಿ ಕೇಳಿದಳು: ‘ಇಲ್ಲಿ ಕನ್ನಡ ಬರೋರು ಯಾರರ ಅದಾರೇನ್ರೀ ಯಪ್ಪಾ?’

ನಾನು ಡೈರಿಯಿಂದ ತಲೆ ಎತ್ತಲಿಲ್ಲ.

ಎತ್ತಿದ್ದರೆ ಅವಳ ಹೇಳಿಕೆ ನಾನೇ ಬರೆಯಬೇಕಿತ್ತು. ಕನ್ನಡದಲ್ಲಿ ಕೇಳಿ ಮರಾಠಿಗೆ ಇಳಿಸಿ, ನಾಪತ್ತೆ ದಾಖಲೆ ಮಾಡಿ, ಆಸ್ಪತ್ರೆಗಳಿಗೆ ಫೋನು ಹಚ್ಚಿ, ಇನ್ನೂ ಎರಡು ಗಂಟೆ. ಕೊನೆಯ ಲೋಕಲ್ ತಪ್ಪುತ್ತಿತ್ತು. ಹುಡುಗ ‘ಕಲ್ ಆವೋ’ ಅಂದ. ನಾನು ಸುಮ್ಮನಿದ್ದೆ. ಅವಳು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋದಳು. ಮರುದಿನ ಬರಲಿಲ್ಲ. ಗಂಡ ಸಿಕ್ಕನೋ, ಅವಳಿಗೆ ನಮ್ಮ ಮೇಲೆ ನಂಬಿಕೆ ಹೋಯಿತೋ. ಹೆಸರು ಕೂಡ ಬರೆದುಕೊಂಡಿರಲಿಲ್ಲ, ಹುಡುಕುವುದು ಎಲ್ಲಿಂದ?

ತಪ್ಪು ನನ್ನದು. ಅದನ್ನು ದಣಿವಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದಿಲ್ಲ. ಆದರೆ ಹದಿನಾರನೇ ಗಂಟೆಯಲ್ಲಿರುವ ಮನುಷ್ಯನ ಮುಂದೆ ನಾಗರಿಕರು ಬಂದು ನಿಂತರೆ ಏನಾಗುತ್ತದೆ ಅಂತ ಒಳಗಿದ್ದು ನೋಡಿದವನು ನಾನು. ಪೊಲೀಸರು ಸಿಡಿಮಿಡಿ ಮಾಡುತ್ತಾರೆ, ದೂರು ತೆಗೆದುಕೊಳ್ಳುವುದಿಲ್ಲ ಅಂತ ನಮ್ಮ ಕನ್ನಡದ ಜನ, ಮುಖ್ಯವಾಗಿ ಹೋಟೆಲಿನವರು, ಹೇಳುತ್ತಿರುತ್ತಾರೆ. ನಿಜ ಇದೆ. ಇನ್ನು ಮುಂದೆ ಹಾಗಾದಾಗ ಒಂದು ಪ್ರಶ್ನೆ ಜಾಸ್ತಿ ಕೇಳಿ: ‘ಸಾಹೇಬ, ಎಷ್ಟು ಗಂಟೆಯಿಂದ ಕೂತಿದ್ದೀರಿ?’

ಸರಿ, ಆ ಎಂಟು ಗಂಟೆ ಎಲ್ಲಿ ಹೋಯಿತು? ಯಾರೂ ಅದನ್ನು ಕೊಂದಿಲ್ಲ. ಅದು ಸವೆದು ಹೋಯಿತು. ಪಡಸಲಗೀಕರ್ ಸಾಹೇಬರು 2018ರ ಜೂನ್ ಕೊನೆಗೆ ಮಹಾನಿರ್ದೇಶಕರಾಗಿ ಹೋದರು. ಕುರ್ಚಿಯಲ್ಲಿ ಬೇರೆಯವರು ಕೂತರು. ಯಾವ ಸಾಹೇಬರೂ ‘ಬೇಡ’ ಅನ್ನಲಿಲ್ಲ. ನಮ್ಮಲ್ಲಿ ಮೊದಲು ಹಬ್ಬಕ್ಕೆ ಅಂತ ಹತ್ತು ದಿನ ನಿಲ್ಲಿಸಿದರು. ಆಮೇಲೆ ಚುನಾವಣೆಗೆ ಅಂತ. 2020ರಲ್ಲಿ ಕೊರೋನಾ ಬಂತು, ಡ್ಯೂಟಿ ಮತ್ತೆ 12 ಗಂಟೆಯಾಯಿತು. ಅದು ಆಗ ಸರಿಯೇ, ನಾನು ತಕರಾರು ಮಾಡುವುದಿಲ್ಲ. 55 ದಾಟಿದವರು ಮನೆಯಲ್ಲಿರಿ ಅಂತ ಆದೇಶ ಬಂದಾಗ ನಾನು ಮನೆಯಲ್ಲಿ ಕೂತೆ. ನನಗಿಂತ ಚಿಕ್ಕವರು ನಾಕಾಬಂದಿಯಲ್ಲಿ ನಿಂತು ತೀರಿಹೋದರು. ಅವರ ಲೆಕ್ಕದಲ್ಲಿ ನಾನು ಇನ್ನೂ ಸಾಲಗಾರ. ಆದರೆ ಕೊರೋನಾ ಹೋಯಿತು, 12 ಗಂಟೆ ಬಹಳ ದಿನ ಹೋಗಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮಹಾನಿರ್ದೇಶಕರ ಕಚೇರಿಯಿಂದ ಮಹಿಳಾ ಸಿಬ್ಬಂದಿಗೆ 8 ಗಂಟೆಯ ಪ್ರಯೋಗ ಶುರುವಾಯಿತು. ಒಳ್ಳೆಯ ಕೆಲಸ. ಉಳಿದವರ ಮಾತು ಹಾಗೇ ನಿಂತಿತು. ಆಗೆಲ್ಲ ನನ್ನ ಹಳೆಯ ಹುಡುಗರಿಗೆ ಫೋನು ಮಾಡಿದರೆ, ‘ಕಾಕಾ, ಎಂಟು ಗಂಟೆ ಅಂತ ಒಂದು ಇತ್ತಲ್ಲ, ನೆನಪಿದೆಯಾ?’ ಅಂತ ನಗುತ್ತಿದ್ದರು. ಭೂತಕಾಲದಲ್ಲಿ ಮಾತಾಡುತ್ತಿದ್ದರು.

ಒಂದು ಎಣಿಕೆ ಮಾಡಿದೆ. 2015ರ ಸೆಪ್ಟೆಂಬರಿನಿಂದ 2022ರ ಜುಲೈವರೆಗೆ, ಏಳು ವರ್ಷವೂ ತುಂಬುವ ಮೊದಲು, ನಿಮ್ಮ ಕುರ್ಚಿಗೆ ಎಂಟು ಜನ ಬಂದರು. ಒಬ್ಬರು ನಾಲ್ಕು ತಿಂಗಳು ಇದ್ದರು, ಇನ್ನೊಬ್ಬರು ಐದೂ ತುಂಬಿಸಲಿಲ್ಲ. ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತ್ತು: ರಾಜ್ಯದ ಮಹಾನಿರ್ದೇಶಕರಿಗೂ, ಠಾಣೆ ನಡೆಸುವ ಅಧಿಕಾರಿಗೂ ಕನಿಷ್ಠ 2 ವರ್ಷ ಕೊಡಿ ಅಂತ. ನಾಲ್ಕು ತಿಂಗಳಲ್ಲಿ ಎಂಥ ಮನುಷ್ಯನಾದರೂ ಏನು ಮಾಡಿಯಾನು? 2022ರಲ್ಲಿ ಸಂಜಯ್ ಪಾಂಡೆ ಸಾಹೇಬರು ಭಾನುವಾರ ಬೆಳಿಗ್ಗೆ ಕೆಲವು ರಸ್ತೆ ಮುಚ್ಚಿ ಮಕ್ಕಳಿಗೆ ಸೈಕಲ್ ಹೊಡೆಯಲು ಬಿಟ್ಟರು. ಚೆನ್ನಾಗಿತ್ತು. ಮೊಮ್ಮಗನನ್ನು ಎರಡು ಸಲ ಕರೆದುಕೊಂಡು ಹೋಗಿದ್ದೆ. ಮೂರನೇ ಸಲ ಹೋಗುವಷ್ಟರಲ್ಲಿ ಸಾಹೇಬರ ನಿವೃತ್ತಿ ಬಂತು.

ಮುಂಬೈಯಲ್ಲಿ ಉಳಿದ ಸುಧಾರಣೆಯೂ ಒಂದಿದೆ. 1992ರ ಡಿಸೆಂಬರ್, 1993ರ ಜನವರಿಯಲ್ಲಿ ಮುಂಬೈ ಉರಿಯುತ್ತಿದ್ದಾಗ ಪಕ್ಕದ ಭಿವಂಡಿ ತಣ್ಣಗಿತ್ತು. 1984ರಲ್ಲಿ ಅಲ್ಲೇ ದೊಡ್ಡ ಗಲಭೆ ಆಗಿತ್ತು. ನಡುವೆ ಸುರೇಶ್ ಖೋಪಡೆ ಸಾಹೇಬರು ಅಲ್ಲಿ ಡಿಸಿಪಿಯಾಗಿದ್ದಾಗ ಮೊಹಲ್ಲಾ ಕಮಿಟಿ ಕಟ್ಟಿದ್ದರು. ಒಂದೊಂದು ಗಲ್ಲಿಯ ಹಿಂದೂ, ಮುಸ್ಲಿಂ ಸಾಮಾನ್ಯರನ್ನು ಬೀಟಿನ ಶಿಪಾಯಿಯ ಜೊತೆ ಕೂರಿಸಿದ್ದರು. ಮುಖಂಡರನ್ನಲ್ಲ, ಸಾಮಾನ್ಯರನ್ನು. ಮುಂಬೈಯಲ್ಲಿ ಸತೀಶ್ ಸಾಹನಿ ಸಾಹೇಬರು ಆಯುಕ್ತರಾಗಿದ್ದಾಗ ಅದನ್ನೇ ತಂದರು. ಆಗ ನಿವೃತ್ತರಾಗಿ ಮನೆಗೆ ಬಂದಿದ್ದ ರಿಬೇರೊ ಸಾಹೇಬರು, ಶಾಂತಿಗಾಗಿ ದುಡಿಯುತ್ತಿದ್ದ ಸುಶೋಭಾ ಬರ್ವೆ ಅವರಂಥವರು ಜೊತೆಗೆ ನಿಂತರು. ನಾನು ಬೀಟಿನಲ್ಲಿದ್ದೆ. ಮೊದಲ ಸಭೆಗೆ ಬಂದವರು ಏಳೇ ಜನ. ಅದರಲ್ಲಿ ಮೂವರು ಚಹಾಕ್ಕೆ ಬಂದವರು ಅಂತ ನನ್ನ ಗುಮಾನಿ. ಆದರೆ ಬರುತ್ತಾ ಹೋದರು. ಸಾಹನಿ ಸಾಹೇಬರು ಹೋದ ಮೇಲೂ ಅದು ನಡೆಯಿತು, ಟ್ರಸ್ಟ್ ಆಯಿತು, ಗಲ್ಲಿಯ ಹುಡುಗರ ಕ್ರಿಕೆಟ್ ನಡೆಯಿತು. ಯಾಕೆ? ಅದರ ದಾರ ಆಯುಕ್ತರೊಬ್ಬರ ಕೈಯಲ್ಲಿ ಇರಲಿಲ್ಲ. ಊರಿನವರ ಕೈಯಲ್ಲೂ ಒಂದು ತುದಿ ಇತ್ತು. ಎಂಟು ಗಂಟೆ ಡ್ಯೂಟಿಗೆ ಆ ತುದಿ ಇರಲಿಲ್ಲ. ಒಳ್ಳೆಯ ಸಾಹೇಬರ ಒಳ್ಳೆಯ ಮನಸ್ಸು ಇತ್ತು, ವರ್ಗಾವಣೆ ಆದೇಶದ ಜೊತೆ ಅದೂ ಹೋಯಿತು.

ಜನ ಸಾಕಾಗುವುದಿಲ್ಲ ಅಂತ ನಿಮ್ಮ ಕಚೇರಿಯವರು ಹೇಳುತ್ತಾರೆ. ಒಪ್ಪುತ್ತೇನೆ, ಖಾಲಿ ಹುದ್ದೆ ತುಂಬದೆ ಇದು ಪೂರ್ತಿ ನಿಲ್ಲುವುದಿಲ್ಲ. ಅದು ಸರ್ಕಾರದ ಕೆಲಸ, ನೀವು ಒತ್ತಾಯ ಮಾಡಬೇಕು. ಆದರೆ 2016ರಲ್ಲೂ ಜನ ಸಾಕಾಗಿರಲಿಲ್ಲ ಅಲ್ವಾ? ಇದ್ದವರಲ್ಲೇ ಹಂಚಿದರು. ಠಾಣೆಯ ಪಟ್ಟಿಯಲ್ಲಿ ಹೆಸರಿದ್ದು ಠಾಣೆಯಲ್ಲಿ ಕಾಣದ ಜನ ಎಷ್ಟಿರುತ್ತಾರೆ, ಯಾರ ಮನೆ ಬಾಗಿಲಲ್ಲಿ, ಯಾರ ಗಾಡಿ ಹಿಂದೆ ಇರುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೊದಲು ಅವರನ್ನು ಎಣಿಸಿ.

ನಾನು ಕೇಳುವುದು ಜಾಸ್ತಿ ಏನಲ್ಲ. ಎಂಟು ಗಂಟೆಯ ಡ್ಯೂಟಿಯನ್ನು ಬಾಯಿಮಾತಿನಿಂದ ತೆಗೆದು ಸ್ಥಾಯಿ ಆದೇಶಕ್ಕೆ ಹಾಕಿ. ನಿಮ್ಮ ನಂತರ ಬರುವವರು ಅದನ್ನು ನಿಲ್ಲಿಸಬೇಕಾದರೆ ಕಾರಣ ಬರೆದು, ಸಹಿ ಮಾಡಿ ನಿಲ್ಲಿಸಲಿ. ಸುಮ್ನೆ ಸವೆಯಲು ಬಿಡಬೇಡಿ. ಹಬ್ಬ, ಚುನಾವಣೆ, ಗಲಾಟೆ ಬಂದರೆ ನಿಲ್ಲಿಸಿ, ಪೊಲೀಸಿನವನು ಅದಕ್ಕೆ ಅಳುವುದಿಲ್ಲ. ಆದರೆ ಯಾವ ತಾರೀಕಿಗೆ ಮತ್ತೆ ಶುರು ಅಂತ ಅದೇ ಆದೇಶದಲ್ಲಿರಲಿ. ಬಂದೋಬಸ್ತಿನ ಬದಲಿ ರಜೆ ಅದೇ ತಿಂಗಳಲ್ಲಿ ಸಿಗಲಿ. ನನ್ನ ಖಾತೆಯಲ್ಲಿ ಉಳಿದ ರಜೆಗಳನ್ನು ಎಣಿಸಿದರೆ ಒಂದು ವರ್ಷ ಕಾಶಿಯಲ್ಲಿ ಕೂತು ಬರಬಹುದಿತ್ತು.

ಇನ್ನೊಂದು ಮಾತು, ಇದೇ ಎಲ್ಲಕ್ಕಿಂತ ಮುಖ್ಯ. ಹಜೇರಿ ಪುಸ್ತಕದಲ್ಲಿ ಹೋಗುವ ವೇಳೆಯನ್ನೂ ಬರೆಸಿ. ಆ ಲೆಕ್ಕವನ್ನು ಠಾಣೆವಾರು ತಿಂಗಳಿಗೊಮ್ಮೆ ಬೋರ್ಡಿಗೆ ಹಚ್ಚಿ. ದೂರು ಕೊಡಲು ಬಂದವರು ಓದಲಿ. ಮೊಹಲ್ಲಾ ಕಮಿಟಿಯವರು ಸಭೆಯಲ್ಲಿ ಕೇಳಲಿ. ಕನ್ನಡ ಸಂಘದವರೂ ಕೇಳಲಿ. ರಾಜ್ಯೋತ್ಸವಕ್ಕೆ ಪೊಲೀಸ್ ಸಾಹೇಬರನ್ನು ಕರೆದು ಶಾಲು ಹೊದಿಸುತ್ತೀರಲ್ಲ, ಆಗ ಮೈಕು ಕೊಡುವ ಮೊದಲು ಇದನ್ನೊಂದು ಕೇಳಿ.

ಉತ್ತರ ಮರಾಠಿಯಲ್ಲೇ ಇರಲಿ, ಓದಿಕೊಳ್ಳುತ್ತೇನೆ. ಉತ್ತರದ ಬದಲು ಜಾವಕ (ರವಾನೆ) ಕ್ರಮಾಂಕ, ತಾರೀಕು ಇರುವ ಆದೇಶದ ಪ್ರತಿಯನ್ನೇ ಕಳಿಸಿದರೆ ಇನ್ನೂ ಒಳ್ಳೆಯದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎ.ಎಸ್.ಐ.
ಮುಂಬೈ

(ಹೆಸರು, ಬಕ್ಕಲ್ (ಪೊಲೀಸ್ ಬಿಲ್ಲೆ) ನಂಬರು ಮರಾಠಿ ಅರ್ಜಿಯಲ್ಲಿವೆ. ಇಲ್ಲಿ ಹಾಕಿಲ್ಲ. ನನ್ನ ಅಳಿಯ ಇನ್ನೂ ನಿಮ್ಮ ಪಡೆಯಲ್ಲೇ ಇದ್ದಾನೆ. ಇವತ್ತು ಅವನದು ರಾತ್ರಿ ಡ್ಯೂಟಿ.)